ಪೆಂಗ್ವಿನ್‌ಗಳ ಕಾಣಿಕೆ ಡಬ್ಬಿ

2007ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದ ದಿನಗಳಲ್ಲಿ, ಸುಮಾರು 25 ಲಕ್ಷ ಮಕ್ಕಳು ಕಂಪ್ಯೂಟರ್ ಪರದೆಯ ಮೇಲಿನ ಡಬ್ಬಿಗಳಿಗೆ ಪರದೆಯ ಮೇಲಿನ ನಾಣ್ಯಗಳನ್ನು ಹಾಕಿದರು. ಅಂಥ ನಾಣ್ಯ ನೂರಾರು ಕೋಟಿ ಸೇರಿತು. ಕೊನೆಗೆ ಮೂರು ದತ್ತಿ ಸಂಸ್ಥೆಗಳಿಗೆ ಒಟ್ಟು 10 ಲಕ್ಷ ಡಾಲರ್ ಸಂದಾಯವಾಯಿತು. ಇದು ಮಾತ್ರ ನಿಜವಾದ ಹಣ. ಆಟದ ಹೆಸರು ಕ್ಲಬ್ ಪೆಂಗ್ವಿನ್, ಅದರೊಳಗಿನ ಈ ಕಾರ್ಯಕ್ರಮದ ಹೆಸರು ‘ಕಾಯಿನ್ಸ್ ಫಾರ್ ಚೇಂಜ್’.

ಮಕ್ಕಳು ಆಡುತ್ತಾಡುತ್ತಲೇ ಹತ್ತು ಲಕ್ಷ ಡಾಲರ್ ಕೂಡಿಸಿಕೊಟ್ಟರು ಎಂದು ಈ ಕಥೆಯನ್ನು ಹೇಳುವುದು ಸುಲಭ. ಆದರೆ ಮಕ್ಕಳು ಮೊದಲ ನಾಣ್ಯ ಹಾಕುವ ಮುಂಚೆಯೇ ಆ ಮೊತ್ತ ಗೊತ್ತಾಗಿತ್ತು. ಕಂಪನಿ ಕೊಡುವುದಾಗಿ ಹೇಳಿದ್ದೇ ಹತ್ತು ಲಕ್ಷ. ಇಪ್ಪತ್ತೈದು ಲಕ್ಷದ ಜಾಗದಲ್ಲಿ ಇನ್ನೂರೈವತ್ತು ಮಕ್ಕಳು ಬಂದಿದ್ದರೂ ಅಷ್ಟೇ, ಐವತ್ತು ಲಕ್ಷ ಬಂದಿದ್ದರೂ ಅಷ್ಟೇ. ನಾಣ್ಯಗಳು ತೀರ್ಮಾನಿಸಿದ್ದು ಒಂದೇ ಸಂಗತಿಯನ್ನು: ಪರಿಸರ, ಮಕ್ಕಳ ಆರೋಗ್ಯ, ಬಡದೇಶಗಳ ಮಕ್ಕಳು ಎಂಬ ಮೂರು ಬಾಬತ್ತುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂಬುದನ್ನು. ಪರಿಸರದ ಪಾಲು ವಿಶ್ವ ವನ್ಯಜೀವಿ ನಿಧಿಗೆ, ಆರೋಗ್ಯದ್ದು ಎಲಿಜಬೆತ್ ಗ್ಲೇಸರ್ ಪೀಡಿಯಾಟ್ರಿಕ್ ಏಡ್ಸ್ ಫೌಂಡೇಶನ್‌ಗೆ, ಮೂರನೆಯದು ಕೆನಡಾದ ‘ಫ್ರೀ ದಿ ಚಿಲ್ಡ್ರನ್’ ಸಂಸ್ಥೆಗೆ ಹೋಯಿತು.

ಇದನ್ನು ಕೇಳಿದ ಕೂಡಲೇ ಒಂದು ಬಗೆಯ ಓದುಗರು ‘ಹಾಗಾದರೆ ಎಲ್ಲ ಪ್ರಚಾರದ ತಂತ್ರ’ ಎಂದು ಕೈ ಝಾಡಿಸುತ್ತಾರೆ. ಇನ್ನೊಂದು ಬಗೆಯವರು ‘ಮೊತ್ತ ಏನಾದರೂ ಇರಲಿ, ಮಕ್ಕಳಿಗೆ ಕೊಡುವ ಅಭ್ಯಾಸವಾಯಿತಲ್ಲ’ ಎನ್ನುತ್ತಾರೆ. ನನಗೆ ಎರಡೂ ಅವಸರದ ಮಾತುಗಳಾಗಿ ಕಾಣುತ್ತವೆ. ಆ ಮಕ್ಕಳು ಹಣ ಕೊಡಲಿಲ್ಲ, ನಿಜ. ಹಾಗೆಂದು ಏನೂ ಮಾಡಲಿಲ್ಲ ಎಂದೂ ಅಲ್ಲ. ಬೇರೆಯವರ ಹಣ ಎಲ್ಲಿಗೆ ಹೋಗಬೇಕೆಂದು ಅವರು ಮತ ಹಾಕಿದರು. ಹತ್ತು ವರ್ಷದ ಮಗುವಿಗೆ ಇಂಥ ಅಧಿಕಾರ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಕೊಡುವುದಿಲ್ಲ. ಕಂಪನಿ ಮಾಡಿದ ತಪ್ಪು ಹಣ ಕೊಟ್ಟದ್ದರಲ್ಲಿ ಇಲ್ಲ, ಮತಪೆಟ್ಟಿಗೆಯನ್ನು ಕಾಣಿಕೆ ಡಬ್ಬಿಯ ವೇಷದಲ್ಲಿ ಮಕ್ಕಳ ಮುಂದಿಟ್ಟದ್ದರಲ್ಲಿ ಇದೆ.

ಆಟದ ಒಳಗಿನ ವ್ಯವಸ್ಥೆ ತಿಳಿಯದೆ ಇದನ್ನು ವಾದಿಸುವುದು ಕಷ್ಟ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕೆಲೋನಾ ಎಂಬ ಊರಿನಲ್ಲಿ ಲಾನ್ಸ್ ಪ್ರೀಬ್, ಲೇನ್ ಮೆರಿಫೀಲ್ಡ್, ಡೇವ್ ಕ್ರಿಸ್ಕೊ ಎಂಬ ಮೂವರು ಸೇರಿ 2005ರ ಅಕ್ಟೋಬರಿನಲ್ಲಿ ಕ್ಲಬ್ ಪೆಂಗ್ವಿನ್ ಶುರುಮಾಡಿದರು. ಹಿಮದ ದ್ವೀಪವೊಂದರಲ್ಲಿ ಮಗು ಒಂದು ಪೆಂಗ್ವಿನ್ ಆಗಿ ಓಡಾಡುತ್ತಿತ್ತು. ಇಗ್ಲೂ ಕಟ್ಟಿಕೊಳ್ಳುತ್ತಿತ್ತು, ‘ಪಫಲ್’ ಎಂಬ ಉಣ್ಣೆಯುಂಡೆಯಂಥ ಪ್ರಾಣಿ ಸಾಕುತ್ತಿತ್ತು, ಬೇರೆ ಪೆಂಗ್ವಿನ್‌ಗಳ ಜೊತೆ ಹರಟುತ್ತಿತ್ತು. ಇದರಲ್ಲಿ ಹಲವಕ್ಕೆ ನಾಣ್ಯ ಬೇಕಿತ್ತು. ನಾಣ್ಯ ಬೇಕೆಂದರೆ ದುಡಿಯಬೇಕಿತ್ತು: ಗಣಿಯ ಹಳಿಗಳ ಮೇಲೆ ಗಾಡಿ ಓಡಿಸಬೇಕಿತ್ತು, ಇಲ್ಲವೆ ಲಾರಿಯಿಂದ ಎಸೆಯುವ ಕಾಫಿ ಮೂಟೆಗಳನ್ನು ಹಿಡಿಯುತ್ತ, ನಡುನಡುವೆ ತೂರಿಬರುವ ಮೀನು, ಹೂಕುಂಡ, ಕಮ್ಮಾರನ ಅಡಿಗಲ್ಲುಗಳಿಂದ ತಲೆ ಉಳಿಸಿಕೊಳ್ಳಬೇಕಿತ್ತು. ಆಟ ಉಚಿತವಾಗಿತ್ತು. ಆದರೆ ಬಟ್ಟೆ, ಇಗ್ಲೂವಿನ ಪೀಠೋಪಕರಣ ಕೊಳ್ಳಬೇಕಾದರೆ ಅಪ್ಪ ಅಮ್ಮ ತಿಂಗಳಿಗೆ ಸುಮಾರು ಆರು ಡಾಲರ್ ಚಂದಾ ಕಟ್ಟಬೇಕಿತ್ತು. 2007ರ ಆಗಸ್ಟಿನಲ್ಲಿ ಡಿಸ್ನಿ ಕಂಪನಿ ಇದನ್ನು 35 ಕೋಟಿ ಡಾಲರಿಗೆ ಕೊಂಡಿತು. ನಾಲ್ಕು ತಿಂಗಳಿಗೆ ಮೊದಲ ಕಾಣಿಕೆ ಡಬ್ಬಿ ಬಂತು.

ಡಬ್ಬಿಗೆ ಒಂದು ಸಲಕ್ಕೆ 100, 500, 1,000, 5,000 ಅಥವಾ 10,000 ನಾಣ್ಯ ಹಾಕಬಹುದಿತ್ತು. ಚಂದಾದಾರ ಮಗುವಿಗೆ ಹತ್ತು ಸಾವಿರ ನಾಣ್ಯವೆಂದರೆ ಹಲವು ಸಂಜೆಗಳ ಗಾಡಿ ಓಟ. ಬಹಳ ದಿನದಿಂದ ಕಣ್ಣಿಟ್ಟಿದ್ದ ಒಂದು ಸೋಫಾವೋ ಕೋಟೋ ಕೈಬಿಟ್ಟುಹೋಗುವಷ್ಟು ದೊಡ್ಡ ಮೊತ್ತ. ದೊಡ್ಡವರಿಗೆ ಅದು ಸೊನ್ನೆ. ಮಗುವಿನ ಲೆಕ್ಕದಲ್ಲಿ ನಷ್ಟವೇ. ಉಚಿತವಾಗಿ ಆಡುವ ಮಗುವಿನ ಪಾಡು ಇದಕ್ಕೆ ತಿರುಗುಮುರುಗು. ಅದರ ಬಳಿ ನಾಣ್ಯ ರಾಶಿ ಬಿದ್ದಿದ್ದರೂ ಅಂಗಡಿಯ ಬಹುತೇಕ ಸಾಮಾನು ಅದಕ್ಕೆ ನಿಷಿದ್ಧ. ಕೊಳ್ಳಲಾಗದ ನಾಣ್ಯವನ್ನು ಡಬ್ಬಿಗೆ ಹಾಕುವುದರಲ್ಲಿ ಅದು ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಡಬ್ಬಿ ಇದ್ದ ಆ ದಿನಗಳ ಮಟ್ಟಿಗಾದರೂ ಅದರ ನಾಣ್ಯ ಚಂದಾದಾರನ ನಾಣ್ಯದಷ್ಟೇ ತೂಗಿತು. ವರ್ಷವಿಡೀ ಎರಡನೇ ದರ್ಜೆಯಲ್ಲಿ ಕೂರಿಸಿದ ಮಕ್ಕಳಿಗೆ ಆಟ ಕೊಟ್ಟ ಏಕೈಕ ಸಮಾನತೆ ಇದಿರಬಹುದು. ಕಂಪನಿ ಇದನ್ನು ಯೋಚಿಸಿ ಮಾಡಿತೆಂದು ನಾನು ನಂಬುವುದಿಲ್ಲ.

ಮಗುವಿನ ನಷ್ಟಕ್ಕೆ ಯಾಕೆ ಇಷ್ಟು ಬೆಲೆ ಕೊಡುತ್ತೇನೆಂದರೆ, ಕೊಡುವುದರ ಸುಖಕ್ಕೂ ಕಳೆದುಕೊಳ್ಳುವುದಕ್ಕೂ ಸಂಬಂಧವಿದೆ. ಅದೇ ಪ್ರಾಂತ್ಯದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲಾರಾ ಅಕ್ನಿನ್, ಕೈಲಿ ಹ್ಯಾಮ್ಲಿನ್, ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞರು ಎರಡು ವರ್ಷ ತುಂಬದ ಕೂಸುಗಳ ಮೇಲೆ ಒಂದು ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಕೂಸಿಗೆ ಕೆಲವು ಬಿಸ್ಕತ್ತು ಕೊಟ್ಟು, ತಿಂದಂತೆ ನಟಿಸುವ ಒಂದು ಕೈಗೊಂಬೆಗೆ ಅದು ಬಿಸ್ಕತ್ತು ಕೊಡುವಾಗಿನ ಮುಖಭಾವವನ್ನು ಅಳೆದರು. ಪ್ರಯೋಗ ನಡೆಸುವವರು ಎಲ್ಲಿಂದಲೋ ತೆಗೆದುಕೊಟ್ಟ ಬಿಸ್ಕತ್ತನ್ನು ದಾಟಿಸಿದಾಗಿನದಕ್ಕಿಂತ, ತನ್ನ ಬಟ್ಟಲಿನದನ್ನೇ ಎತ್ತಿ ಕೊಟ್ಟಾಗ ಕೂಸಿನ ಮುಖ ಹೆಚ್ಚು ಅರಳಿತ್ತು. ಪಡೆಯುವ ಗೊಂಬೆ ಸುಳ್ಳು, ಕಳೆದುಕೊಂಡ ಬಿಸ್ಕತ್ತು ನಿಜ. ಸಂತೋಷ ಬಿಸ್ಕತ್ತಿನ ಕಡೆಗೆ ನಿಂತಿತು. ಇದರ ಪ್ರಕಾರ, ಗಾಡಿ ಓಡಿಸಿ ಗಳಿಸಿದ್ದನ್ನು ಬಿಟ್ಟುಕೊಟ್ಟ ಪೆಂಗ್ವಿನ್ ಮಗುವಿನ ಖುಷಿಯನ್ನು ಹುಸಿಯೆನ್ನಲು ನಮಗೆ ಹಕ್ಕಿಲ್ಲ. ಆದರೆ ಆ ಖುಷಿಯ ಜೊತೆಗೆ ಮಗು ಇನ್ನೊಂದು ನಂಬಿಕೆಯನ್ನೂ ಕಟ್ಟಿಕೊಂಡಿತು: ನಾನು ಹೆಚ್ಚು ಹಾಕಿದರೆ ಅಲ್ಲಿ ಯಾರಿಗೋ ಹೆಚ್ಚು ಸಿಗುತ್ತದೆ ಎಂದು. ಹುಸಿಯಾದದ್ದು ಈ ನಂಬಿಕೆ.

ಮೊತ್ತವನ್ನು ಮೊದಲೇ ಗೊತ್ತುಮಾಡಿದ್ದಕ್ಕೆ ಕಂಪನಿಯನ್ನು ಜರಿಯಲಾಗದು. ಬೇರೆ ದಾರಿ ಅದಕ್ಕೆ ಇರಲೇ ಇಲ್ಲ. ಆಟದ ನಾಣ್ಯಕ್ಕೆ ಟಂಕಸಾಲೆಯಿಲ್ಲ. ಮಗು ಆಡಿದಷ್ಟೂ ಹೊಸ ನಾಣ್ಯ ಹುಟ್ಟುತ್ತದೆ. ಸಾವಿರ ನಾಣ್ಯಕ್ಕೆ ಇಷ್ಟು ಸೆಂಟ್ ಎಂದು ದರ ಕಟ್ಟಿದ್ದರೆ, ರಜೆಯಲ್ಲಿ ಕೂತ ಲಕ್ಷಾಂತರ ಮಕ್ಕಳು ಕಂಪನಿಯ ಖಜಾನೆಯನ್ನು ಬಳಿದುಹಾಕುತ್ತಿದ್ದರು. ಅಲ್ಲದೆ ಕಳ್ಳದಾರಿಯಲ್ಲಿ ನಾಣ್ಯ ತುಂಬಿಸಿಕೊಳ್ಳುವ ಪ್ರೋಗ್ರಾಮುಗಳೂ ಆಟಗಾರರ ನಡುವೆ ಓಡಾಡುತ್ತಿದ್ದವು. ಕದ್ದ ನಾಣ್ಯವನ್ನು ಮಗುವೊಂದು ಆಸ್ಪತ್ರೆಯ ಡಬ್ಬಿಗೆ ಹಾಕಿದರೆ ಅದು ಪಾಪವೋ ಪುಣ್ಯವೋ ಎಂದು ಯಾವ ಧರ್ಮಶಾಸ್ತ್ರವೂ ಹೇಳಲಾರದು. ಮೊತ್ತ ಮೊದಲೇ ಗೊತ್ತಿದ್ದುದರಿಂದ ಈ ಪ್ರಶ್ನೆ ಲೆಕ್ಕಪತ್ರದವರೆಗೆ ಬರಲಿಲ್ಲ ಅಷ್ಟೆ. ಕಂಪನಿ ಮೊತ್ತವನ್ನು ಮುಚ್ಚಿಟ್ಟಿರಲೂ ಇಲ್ಲ; ಬಹಿರಂಗವಾಗಿಯೇ ಹೇಳಿತ್ತು. ಆದರೆ ಪ್ರಕಟಣೆ ಓದುವವರು ದೊಡ್ಡವರು, ಡಬ್ಬಿಯ ಮುಂದೆ ನಿಲ್ಲುವವರು ಮಕ್ಕಳು.

ಸರಿ, ಅದು ಮತವೆಂದೇ ಒಪ್ಪೋಣ. ಹಾಗಾದರೆ ಎಂಥ ಮತ? ಹೆಚ್ಚು ಹೊತ್ತು ಆಡಿದವನಿಗೆ ಹೆಚ್ಚು ನಾಣ್ಯ, ಹೆಚ್ಚು ನಾಣ್ಯಕ್ಕೆ ಹೆಚ್ಚು ಮತ. ಮನೆಯಲ್ಲಿ ಸ್ವಂತ ಕಂಪ್ಯೂಟರ್ ಇದ್ದು ಸಂಜೆಯೆಲ್ಲ ಬಿಡುವಿರುವ ಮಗುವಿನ ಮಾತು ಗಟ್ಟಿ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಆಡುವ ಮಗುವಿನದು ಮೆಲುದನಿ. ಇನ್ನು ಫಲಿತಾಂಶ ನೋಡಿ. ಡಬ್ಬಿ ಮತ್ತೆ ಬಂದ 2010ರಲ್ಲಿ ಹತ್ತು ಲಕ್ಷ ಡಾಲರ್ ಹಂಚಿಹೋದದ್ದು ಹೀಗೆ: ವೈದ್ಯಕೀಯ ನೆರವಿಗೆ 3,60,000, ಭೂಮಿಯ ರಕ್ಷಣೆಗೆ 3,40,000, ಸುರಕ್ಷಿತ ತಾಣಗಳನ್ನು ಕಟ್ಟಲು 3,00,000. ಮಕ್ಕಳನ್ನು ಕೇಳದೆ ಮೂರು ಸಮಪಾಲು ಮಾಡಿದ್ದರೂ ಯಾವ ಬಾಬತ್ತಿಗೂ ಮೂವತ್ತೈದು ಸಾವಿರ ಡಾಲರಿಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತಿರಲಿಲ್ಲ. ಲಕ್ಷಾಂತರ ಮಕ್ಕಳ ಆಯ್ಕೆ ಹೆಚ್ಚುಕಡಿಮೆ ಒಂದನ್ನೊಂದು ಸರಿದೂಗಿಸಿಕೊಂಡುಬಿಟ್ಟಿತ್ತು. ಅದೇನು ಅಚ್ಚರಿಯಲ್ಲ. ರೋಗಿ ಮಗು, ಕರಗುವ ಹಿಮ, ಸೂರಿಲ್ಲದ ಕುಟುಂಬ ಎಂದು ಮೂರು ಚಿತ್ರ ತೋರಿಸಿ ಒಂದನ್ನು ಆರಿಸು ಎಂದರೆ ಯಾವ ಮಗು ತಾನೆ ಏನು ಮಾಡೀತು? ಪೆಂಗ್ವಿನ್ ವೇಷದಲ್ಲಿರುವ ಮಗು ಹಿಮದ ಕಡೆ ಇನ್ನೂ ಹೆಚ್ಚು ವಾಲದೆ ಇದ್ದದ್ದೇ ಅದರ ದೊಡ್ಡತನ.

ಕ್ಲಬ್ ಪೆಂಗ್ವಿನ್ನಿನ ಮೊದಲ ಡಬ್ಬಿಗಿಂತ ಎರಡು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ ಜಾನ್ ಬ್ರೀನ್ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ‘ಫ್ರೀರೈಸ್’ ಎಂಬ ಇನ್ನೊಂದು ಆಟ ಹುಟ್ಟುಹಾಕಿದ್ದರು. ಕಾಲೇಜು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗನಿಗೆ ಇಂಗ್ಲಿಷ್ ಪದಗಳ ಅರ್ಥ ಕಲಿಸಲು ಹೊಳೆದದ್ದು ಇದು. ಒಂದು ಪದ, ನಾಲ್ಕು ಅರ್ಥ. ಸರಿಯಾದುದನ್ನು ಆರಿಸಿದರೆ ಹತ್ತು ಅಕ್ಕಿಕಾಳು ವಿಶ್ವ ಆಹಾರ ಕಾರ್ಯಕ್ರಮಕ್ಕೆ. ಪರದೆಯ ಬುಡದಲ್ಲಿ ಕಾಣುವ ಜಾಹೀರಾತು ಅಕ್ಕಿಯ ದುಡ್ಡು ಕೊಡುತ್ತಿತ್ತು. ಮೊದಮೊದಲು ಸೇರಿದ ಅಕ್ಕಿ ಮ್ಯಾನ್ಮಾರಿನಿಂದ ಬಾಂಗ್ಲಾದೇಶಕ್ಕೆ ಓಡಿಬಂದ ನಿರಾಶ್ರಿತರಿಗೆ ಸಿಕ್ಕಿತು. 2009ರಲ್ಲಿ ಬ್ರೀನ್ ಇಡೀ ಆಟವನ್ನೇ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಬಿಟ್ಟುಕೊಟ್ಟರು.

ಹತ್ತು ಕಾಳು ಎಂದರೆ ಎಷ್ಟು? ಒಂದು ಗ್ರಾಮಿಗೆ ಸುಮಾರು ಐವತ್ತು ಕಾಳು ಹಿಡಿದರೆ ಒಂದು ಸರಿಯುತ್ತರಕ್ಕೆ ಗ್ರಾಮಿನ ಐದನೇ ಒಂದು ಭಾಗ. ಒಬ್ಬರ ಒಂದು ದಿನದ ಪಡಿ 400 ಗ್ರಾಂ ಎಂದರೆ ಎರಡು ಸಾವಿರ ಸರಿಯುತ್ತರ ಬೇಕು. ನಲವತ್ತು ಮಕ್ಕಳ ತರಗತಿ, ತಲೆಗೆ ಐವತ್ತು ಪದ. ಒಬ್ಬರು ಒಂದು ದಿನ ಉಂಡರು. ನಮ್ಮ ಕಿರಾಣಿ ಅಂಗಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ರೂಪಾಯಿ ಬಾಳುವ ಅಕ್ಕಿ ಇದು. ಲೆಕ್ಕ ಹಾಕಿದರೆ ನಗು ಬರುತ್ತದೆ, ಆದರೆ ಈ ಲೆಕ್ಕ ಹಾಕಲು ಬರುತ್ತದೆ ಎಂಬುದೇ ಫ್ರೀರೈಸಿನ ಗುಣ. ಮಗು ಉತ್ತರಿಸದಿದ್ದರೆ ಆ ಹತ್ತು ಕಾಳು ಇಲ್ಲ, ಉತ್ತರಿಸಿದರೆ ಉಂಟು. ಪೆಂಗ್ವಿನ್ ನಾಡಿನಲ್ಲಿ ಮಗು ಕಳೆದುಕೊಂಡಿತು, ಪಡೆಯುವವರಿಗೆ ಅದರಿಂದ ಏನೂ ಕೂಡಲಿಲ್ಲ. ಇಲ್ಲಿ ಪಡೆಯುವವರಿಗೆ ಕೂಡಿತು, ಮಗು ಏನನ್ನೂ ಕಳೆದುಕೊಳ್ಳಲಿಲ್ಲ. ಮೇಲಾಗಿ ನಾಲ್ಕು ಪದ ಕಲಿತು ಎದ್ದಿತು.

ದಾನಕ್ಕೆಂದು ಮುಷ್ಟಿ ಅಕ್ಕಿ ಎತ್ತಿಡುವ ರೂಢಿಯನ್ನು ಕಂಡ ಮನೆಗಳವರಿಗೆ ಇಲ್ಲಿ ಏನು ಜಾರಿಹೋಯಿತೆಂದು ಥಟ್ಟನೆ ಹೊಳೆಯುತ್ತದೆ. ಒಲೆಗೆ ಎಸರಿಟ್ಟ ಮೇಲೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಿದರೆ ಆ ದಿನದ ಅನ್ನದಲ್ಲಿ ಅಷ್ಟು ಕಡಿಮೆ, ಗಡಿಗೆಯಲ್ಲಿ ಅಷ್ಟು ಹೆಚ್ಚು. ಎರಡೂ ಬದಿಯ ಲೆಕ್ಕ ಒಂದೇ ಕೈಯಲ್ಲಿ ಮುಗಿಯುತ್ತದೆ. ಆನ್‌ಲೈನ್ ಆಟ ಈ ಎರಡು ಬದಿಗಳನ್ನು ಬಿಡಿಸಿ, ನಡುವೆ ಒಬ್ಬ ಮೂರನೆಯವನನ್ನು ಕೂರಿಸುತ್ತದೆ. ಕ್ಲಬ್ ಪೆಂಗ್ವಿನ್ನಿನಲ್ಲಿ ಆ ಮೂರನೆಯವನು ಮಾಲೀಕ, ಫ್ರೀರೈಸಿನಲ್ಲಿ ಜಾಹೀರಾತುದಾರ. ಮೂರನೆಯವನು ಇರಬಾರದೆಂದೇನೂ ನನ್ನ ವಾದವಲ್ಲ. ಅವನ ಮುಖ ಮಗುವಿಗೆ ಕಾಣಬೇಕು. ಫ್ರೀರೈಸ್ ಆಡುವ ಮಗು ತನ್ನ ಜ್ಞಾನದಿಂದ ಅಕ್ಕಿ ಬಂತೆಂದುಕೊಳ್ಳುತ್ತದೆ. ಅಕ್ಕಿಯಾದದ್ದು ಅದರ ಕಣ್ಣು ಪರದೆಯ ಮೇಲೆ ನೆಟ್ಟ ಹೊತ್ತು.

ನಿಜವಾದ ದುಡ್ಡೇ ಹೋಗುವ ಮೂರನೆಯ ಬಗೆಯೂ ಇದೆ, ಮತ್ತು ನನಗೆ ಹೆಚ್ಚು ಕಸಿವಿಸಿ ಹುಟ್ಟಿಸುವುದು ಇದೇ. 2022ರ ಮಾರ್ಚ್ 20ರಿಂದ ಏಪ್ರಿಲ್ 3ರವರೆಗೆ ‘ಫೋರ್ಟ್‌ನೈಟ್’ ಆಟದಿಂದ ಬರುವ ಆದಾಯವನ್ನೆಲ್ಲ ಯುಕ್ರೇನಿನ ಸಂತ್ರಸ್ತರಿಗೆ ಕೊಡುವುದಾಗಿ ಎಪಿಕ್ ಗೇಮ್ಸ್ ಕಂಪನಿ ಘೋಷಿಸಿತು. ಸೇರಿದ್ದು 14.4 ಕೋಟಿ ಡಾಲರ್. ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮದಂಥ ಸಂಸ್ಥೆಗಳಿಗೆ ಹಂಚಿದರು. ಪೆಂಗ್ವಿನ್‌ಗಳ ಹತ್ತು ಲಕ್ಷ ಇದರ ಮುಂದೆ ಚಿಲ್ಲರೆ. ಕೊಂಡಷ್ಟೂ ಮೊತ್ತ ಬೆಳೆಯಿತು, ಕೊಂಡವರ ಕೈಯಿಂದ ದುಡ್ಡು ನಿಜಕ್ಕೂ ಹೋಯಿತು. ನೆರವಿನ ದೃಷ್ಟಿಯಿಂದ ಇದನ್ನು ಮೀರಿಸುವುದು ಕಷ್ಟ. ಆದರೆ ಕೊಂಡ ಹುಡುಗನಿಗೆ ತನಗೆ ಬೇಕಿದ್ದ ವೇಷ, ಬೇಕಿದ್ದ ಕುಣಿತ ಸಿಕ್ಕೇ ಸಿಕ್ಕಿತು. ಯುಕ್ರೇನ್ ಎಲ್ಲಿದೆಯೆಂದು ತಿಳಿಯದೆ ಕೊಂಡವನೂ ಅಷ್ಟೇ ದಾನಿ. ಯಾವ ಸಂಸ್ಥೆಗೆ ಎಷ್ಟು ಎಂದು ಅವನನ್ನು ಯಾರೂ ಕೇಳಲಿಲ್ಲ. ಕೊಡುವ ಮನಸ್ಸು, ಆರಿಸುವ ಬುದ್ಧಿ ಎರಡನ್ನೂ ಹೊರಗಿಟ್ಟು ನಡೆದ ದಾನ ಇದು. ಹಸಿದವರಿಗೆ ಅದರಿಂದ ಏನೂ ಕೊರತೆಯಿಲ್ಲ, ಮಕ್ಕಳ ಪಾಲಿಗೆ ಕಲಿಕೆಯೂ ಇಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಂಪನಿಯೊಂದಿಗೆ ಒಂದು ಒಪ್ಪಂದಕ್ಕೆ ಬಂತು. ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ 27.5 ಕೋಟಿ ಡಾಲರ್ ದಂಡ; ಗುಂಡಿಗಳನ್ನು ಗೊಂದಲ ಹುಟ್ಟುವಂತೆ ಜೋಡಿಸಿ, ಒಂದೇ ಒತ್ತಿಗೆ ಖರೀದಿಯಾಗುವಂತೆ ಮಾಡಿ ಬೇಡದ ಹಣ ಕಿತ್ತುಕೊಂಡ ಆರೋಪಕ್ಕೆ 24.5 ಕೋಟಿ ಡಾಲರ್ ಮರುಪಾವತಿ. ಆ ಹದಿನೈದು ದಿನಗಳ ಪುಣ್ಯದ ಹಣದಲ್ಲಿ ಇಂಥ ಒತ್ತುಗಳಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಿ ನೋಡಲು ಸಾಧ್ಯವಿಲ್ಲ. ಯುಕ್ರೇನಿನ ನೆರವು ಮತ್ತು ಈ ಆರೋಪ ಬೇರೆಬೇರೆ ಸಂಗತಿಗಳು ಎಂದು ಕಂಪನಿಯ ಪರವಾಗಿ ವಾದಿಸಬಹುದು. ಲೆಕ್ಕಪುಸ್ತಕದಲ್ಲಿ ಹೌದು. ಮಗುವಿನ ಬೆರಳಿಗೆ ಮಾತ್ರ ಗುಂಡಿ ಒಂದೇ.

ಪರದೆ ಬರುವ ಮುಂಚೆ ಮಕ್ಕಳಿಂದ ಹಣ ಸಂಗ್ರಹಿಸಿದವರು ಇಷ್ಟು ಎಡವಿರಲಿಲ್ಲ. 1938ರಲ್ಲಿ ಪೋಲಿಯೊ ವಿರುದ್ಧದ ಹೋರಾಟಕ್ಕೆ ತಲಾ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ನೇರವಾಗಿ ಅಧ್ಯಕ್ಷ ರೂಸ್‌ವೆಲ್ಟರಿಗೆ ಕಳಿಸಿ ಎಂದು ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೊದಲ್ಲಿ ಕರೆಕೊಟ್ಟಾಗ ಶ್ವೇತಭವನಕ್ಕೆ 26 ಲಕ್ಷಕ್ಕೂ ಹೆಚ್ಚು ಡೈಮ್‌ಗಳು ಬಂದು ಬಿದ್ದವು. ಅದರಲ್ಲಿ ಮಕ್ಕಳ ಪಾಲು ದೊಡ್ಡದು. ಅಂಥ ಡೈಮ್‌ಗಳಿಂದ ಬೆಳೆದ ಪ್ರತಿಷ್ಠಾನವೇ ಮುಂದೆ ಜೋನಸ್ ಸಾಕ್ ಅವರ ಲಸಿಕೆಯ ಸಂಶೋಧನೆಗೆ ಹಣ ಕೊಟ್ಟದ್ದು. ಬ್ರಿಟನ್ನಿನ ಬಿಬಿಸಿ ಟಿವಿಯ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಇನ್ನೂ ಸೂಕ್ಷ್ಮವಾಗಿ ಯೋಚಿಸಿತು. ಮಕ್ಕಳ ಹತ್ತಿರ ದುಡ್ಡು ಕೇಳಬಾರದು, ಕೇಳಿದರೆ ಸಿರಿವಂತರ ಮಕ್ಕಳಷ್ಟೇ ಕೊಟ್ಟಾರು ಎಂದು ಮನೆಯ ಗುಜರಿಯನ್ನು ಕೇಳಿತು. 1964ರಲ್ಲಿ ಬೆಳ್ಳಿಕಾಗದ ಮತ್ತು ಹಾಲಿನ ಬಾಟಲಿಯ ಮುಚ್ಚಳ ಕೂಡಿಸಿ, ಮಾರಿ ಬಂದ ಹಣವನ್ನು ಅಂಧರಿಗೆ ದಾರಿ ತೋರಿಸುವ ನಾಯಿಗಳಿಗೆ ಕೊಟ್ಟರು. ತಾನು ತೊಳೆದು ಒಣಗಿಸಿ ಕಳಿಸಿದ ಮುಚ್ಚಳದಿಂದ ನಾಯಿಯ ಎಷ್ಟು ಪಾಲು ಬಂತೆಂದು ಮಗುವಿಗೆ ಅಂದಾಜು ಸಿಗುತ್ತಿತ್ತು. ಬಡವರ ಮನೆಯ ಮುಚ್ಚಳಕ್ಕೂ ಸಿರಿವಂತರ ಮನೆಯದಕ್ಕೂ ತೂಕ ಒಂದೇ.

ಆನ್‌ಲೈನ್ ಆಟದಿಂದ ಇದನ್ನು ನಿರೀಕ್ಷಿಸಲಾಗದು ಎಂದು ಹೇಳುವವರಿಗೆ ಒಂದು ಮಾತು. ಗಾಡಿ ಓಟದಲ್ಲಿ ಯಾವ ತಿರುವಿಗೆ ಹೇಗೆ ಜಿಗಿದರೆ ಎಷ್ಟು ಅಂಕ ಎಂದು ಬಾಯಿಪಾಠ ಮಾಡಿಕೊಂಡ ಮಗು, ‘ಇದು ನಮ್ಮ ಹತ್ತು ಲಕ್ಷ ಡಾಲರ್. ನೀನು ಎಷ್ಟು ಹಾಕಿದರೂ ಇದು ಹೆಚ್ಚಾಗುವುದಿಲ್ಲ. ಇದನ್ನು ಹೇಗೆ ಹಂಚಲಿ, ಹೇಳು’ ಎಂಬ ಮೂರು ವಾಕ್ಯಗಳನ್ನು ಅರಿಯಲಾರದೆ? ಆಟವೆಂದರೆ ನಿಯಮ, ನಿಯಮದಲ್ಲಿ ಮಕ್ಕಳಿಗೆ ನಮಗಿಂತ ಹೆಚ್ಚು ಶ್ರದ್ಧೆ. ಹಾಗೆ ಹೇಳಿದ್ದರೆ ಡಬ್ಬಿಯ ಹತ್ತಿರ ಸುಳಿಯುವ ಮಕ್ಕಳು ಸ್ವಲ್ಪ ಕಡಿಮೆಯಾಗುತ್ತಿದ್ದರೇನೋ. ಬಂದವರು ಮಾತ್ರ ‘ಎಷ್ಟು ಹಾಕಲಿ’ ಎಂಬುದನ್ನು ಬಿಟ್ಟು ‘ಯಾವುದಕ್ಕೆ, ಯಾಕೆ’ ಎಂದು ಯೋಚಿಸುತ್ತಿದ್ದರು. ನಾಣ್ಯದ ಬದಲು ಮಗುವಿಗೊಂದು ಮತ ಎಂದು ಮಾಡಿದ್ದರೆ ಇನ್ನೂ ಚೆನ್ನ. ಕಂಪನಿಗೆ ಅದು ರುಚಿಸುತ್ತಿರಲಿಲ್ಲ, ಕಾರಣ ಸರಳ: ನಾಣ್ಯ ಬೇಕಾದ ಮಗು ಮತ್ತೆ ಆಡಲು ಹೋಗುತ್ತದೆ, ಒಂದೇ ಮತದ ಮಗು ಹಾಕಿ ಮನೆಗೆ ಹೋಗುತ್ತದೆ.

ಅಭ್ಯಾಸವಾಯಿತಲ್ಲ ಎನ್ನುವವರನ್ನು ನಾನು ಕೇಳುವುದಿಷ್ಟೇ: ಯಾವುದರ ಅಭ್ಯಾಸ? ಗುಂಡಿ ಒತ್ತಿ ಹಗುರಾಗುವ ಅಭ್ಯಾಸ ಮಕ್ಕಳಿಗೆ ಬೇರೆ ಕಡೆ ಧಾರಾಳವಾಗಿ ಆಗುತ್ತಿದೆ. ದೊಡ್ಡವರಲ್ಲೇ ವಿರಳವಾಗಿರುವುದು ಕೊಟ್ಟ ಮೇಲೆ ಲೆಕ್ಕ ಕೇಳುವ ಅಭ್ಯಾಸ, ಮತ್ತು ಇದನ್ನು ಕಲಿಸಲು ಈ ಮಕ್ಕಳ ಮುಂದೆಯೇ ಒಂದು ಸಂದರ್ಭ ಬಂದುಹೋಯಿತು. 2007ರ ಡಬ್ಬಿಯ ಒಂದು ಪಾಲು ಪಡೆದ ಫ್ರೀ ದಿ ಚಿಲ್ಡ್ರನ್, 1995ರಲ್ಲಿ ಕ್ರೇಗ್ ಕೀಲ್‌ಬರ್ಗರ್ ಎಂಬ ಹನ್ನೆರಡು ವರ್ಷದ ಹುಡುಗ ಪಾಕಿಸ್ತಾನದ ಬಾಲಕಾರ್ಮಿಕ ಇಕ್ಬಾಲ್ ಮಸೀಹನ ಕೊಲೆಯ ಸುದ್ದಿ ಓದಿ ಸ್ಥಾಪಿಸಿದ ಸಂಸ್ಥೆ. ಮಕ್ಕಳು ಮಕ್ಕಳಿಗಾಗಿ ಕಟ್ಟಿದ್ದು ಎಂಬ ಕಾರಣಕ್ಕೆ ಪೆಂಗ್ವಿನ್ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಸಂಸ್ಥೆ ಇರಲಾರದು. ಅದು ಬೆಳೆದು ‘ವಿ ಚಾರಿಟಿ’ ಆಯಿತು. 2020ರಲ್ಲಿ ವಿದ್ಯಾರ್ಥಿಗಳಿಗಾಗಿ ಕೆನಡಾ ಸರ್ಕಾರ ರೂಪಿಸಿದ ಯೋಜನೆಯೊಂದರ ಹೊಣೆ ಅದಕ್ಕೆ ಸಿಕ್ಕಾಗ, ಆಗಿನ ಪ್ರಧಾನಿ ಟ್ರೂಡೊ ಕುಟುಂಬದವರಿಗೆ ಆ ಸಂಸ್ಥೆಯಿಂದ ಭಾಷಣದ ಸಂಭಾವನೆ ಸಂದಿದ್ದ ವಿಷಯ ಹೊರಬಿದ್ದು ಕೆನಡಾದ ಸಂಸತ್ತು ಅದರ ಹಣಕಾಸನ್ನು ಕೆದಕಿತು. ಸೆಪ್ಟೆಂಬರಿನಲ್ಲಿ ಸಂಸ್ಥೆ ಕೆನಡಾದ ಚಟುವಟಿಕೆ ನಿಲ್ಲಿಸುವುದಾಗಿ ಹೇಳಿತು. ಆ ಹೊತ್ತಿಗೆ ಕ್ಲಬ್ ಪೆಂಗ್ವಿನ್ ಮುಚ್ಚಿ ಮೂರು ವರ್ಷ ದಾಟಿತ್ತು, 2007ರಲ್ಲಿ ಡಬ್ಬಿಗೆ ನಾಣ್ಯ ಹಾಕಿದವರಲ್ಲಿ ಬಹುತೇಕರು ಇಪ್ಪತ್ತು ದಾಟಿದ ಮತದಾರರಾಗಿದ್ದರು. ಅದರಲ್ಲಿ ತಪ್ಪು ಯಾರದು ಎಂಬ ವಿಚಾರಣೆ ಇಲ್ಲಿ ಬೇಡ. ಗಮನಿಸಬೇಕಾದ್ದು, 2007ರಲ್ಲಿ ಮಕ್ಕಳ ಮುಂದಿಟ್ಟದ್ದು ‘ಬಡದೇಶಗಳ ಮಕ್ಕಳು’ ಎಂಬ ಬಾಬತ್ತನ್ನು; ಆ ಬಾಬತ್ತಿಗೆ ಯಾವ ಸಂಸ್ಥೆ ಎಂದು ಆರಿಸಿದವರು ದೊಡ್ಡವರು. ಮಕ್ಕಳ ಕೈಗೆ ಬಿಟ್ಟದ್ದು ಮೂರು ಪಾಲುಗಳ ನಡುವಿನ ಏರುಪೇರು ಮಾತ್ರ. ಉಳಿದದ್ದೆಲ್ಲ ಮೊದಲೂ ಆಮೇಲೂ ಕಂಪನಿಯ ತೀರ್ಮಾನ, ಅದರ ಕೀರ್ತಿಯಂತೆ ಹೊಣೆಯೂ ಕಂಪನಿಯದೇ.